ಕೊಡಗಿನ ಮನೆಗೆ ಬ್ಯಾಟರಿ: ಜರ್ಮನಿಯ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹಾಕುವ ವಿಧಾನ

ಲಿಥಿಯಂ ಬ್ಯಾಟರಿ ಕೊಳ್ಳಲು ಹೊರಟವರ ಕೈಗೆ ಬರುವ ಕರಪತ್ರಗಳಲ್ಲಿ ಮೂರು ಮಾತು ತಪ್ಪದೆ ಇರುತ್ತವೆ: ಆರು ಸಾವಿರ ಸೈಕಲ್ (ಒಮ್ಮೆ ತುಂಬಿ ಖಾಲಿಯಾದರೆ ಒಂದು ಸೈಕಲ್), ಹತ್ತು ವರ್ಷದ ವಾರಂಟಿ, ಕರೆಂಟ್ ಬಿಲ್‌ನಲ್ಲಿ ಉಳಿತಾಯ. ಇವೆಲ್ಲ ಜರ್ಮನಿ, ಇಟಲಿಯ ಗಿರಾಕಿಗಳನ್ನು ಎದುರಿಗಿಟ್ಟುಕೊಂಡು ಬೆಳೆದ ಮಾತುಗಳು. ಅದೇ ಬ್ಯಾಟರಿ ನಾಪೋಕ್ಲಿನ ಮನೆಯಲ್ಲೂ ಚೆನ್ನಾಗಿ ದುಡಿಯುತ್ತದೆ. ಆದರೆ ಅದನ್ನು ಆರಿಸುವ, ಅಳೆಯುವ, ಸೆಟ್ಟಿಂಗ್ ಮಾಡುವ ಕ್ರಮ ಬೇರೆಯಾಗಬೇಕು. ದಿನಕ್ಕೆ ಮೂರರಿಂದ ಐದು ಯೂನಿಟ್ (ಕಿಲೋವ್ಯಾಟ್-ಗಂಟೆ) ಅಗತ್ಯದ ಬಳಕೆಯಿರುವ ತೋಟದ ಮನೆ, ಸಣ್ಣ ಹೋಂಸ್ಟೇಗಳನ್ನು ಮನಸ್ಸಿನಲ್ಲಿಟ್ಟು ಮುಂದಿನ ವಿವರ ಕೊಟ್ಟಿದೆ.

ಯೂರೋಪಿನವರು ಯಾಕೆ ಕೊಂಡರು

ಯೂರೋಪಿನ ಬ್ಯಾಟರಿ ಮಾರುಕಟ್ಟೆ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ನಿಜದಲ್ಲಿ ಪ್ರತಿ ದೇಶದ ಮಾರುಕಟ್ಟೆಯೂ ಬೇರೆ ಬೇರೆ ಕಾರಣಕ್ಕೆ ಬೆಳೆದಿದೆ.

ಜರ್ಮನಿಯಲ್ಲಿ 2000ದ ನವೀಕರಿಸಬಹುದಾದ ಇಂಧನ ಕಾಯ್ದೆ ಬಂದಾಗ ಚಾವಣಿಯ ಸೋಲಾರ್‌ನಿಂದ ಲೈನಿಗೆ ಕೊಟ್ಟ ಒಂದು ಯೂನಿಟ್‌ಗೆ ಸುಮಾರು 50 ಸೆಂಟ್ ಸಿಗುತ್ತಿತ್ತು. ಹೊಸದಾಗಿ ಹಾಕಿಸುವ ಮನೆಗಳಿಗೆ ಈ ದರ ವರ್ಷದಿಂದ ವರ್ಷಕ್ಕೆ ಇಳಿದು 8 ಸೆಂಟ್ ಆಸುಪಾಸಿಗೆ ಬಂತು. ಅದೇ ಹೊತ್ತಿಗೆ ಮನೆಯವರು ಕೊಳ್ಳುವ ಕರೆಂಟಿನ ದರ 30 ಸೆಂಟ್ ದಾಟಿತು. ಮಧ್ಯಾಹ್ನದ ಒಂದು ಯೂನಿಟ್ಟನ್ನು 8 ಸೆಂಟ್‌ಗೆ ಮಾರುವ ಬದಲು ಸಂಜೆಗೆ ಎತ್ತಿಟ್ಟರೆ ಇಪ್ಪತ್ತಕ್ಕೂ ಹೆಚ್ಚು ಸೆಂಟ್ ಉಳಿಯುತ್ತದೆ. ಬ್ಯಾಟರಿ ಮಾರಾಟವಾಗುವಂತೆ ಮಾಡಿದ್ದು ಈ ಅಂತರವೇ. 2013ರ ಮೇ ತಿಂಗಳಲ್ಲಿ ಸರ್ಕಾರಿ ಬ್ಯಾಂಕ್ ಕೆಎಫ್‌ಡಬ್ಲ್ಯು ಮೂಲಕ ಸಾಲ, ಸಹಾಯಧನ ಶುರುವಾಯಿತು. 2023ರ ಜನವರಿಯಿಂದ ಮನೆ ಸೋಲಾರ್ ಮತ್ತು ಬ್ಯಾಟರಿಗಳ ಮೇಲಿನ ಮೌಲ್ಯವರ್ಧಿತ ತೆರಿಗೆ ಸೊನ್ನೆಯಾಯಿತು. 2024ರ ಹೊತ್ತಿಗೆ ಅಲ್ಲಿನ ಮನೆ ಬ್ಯಾಟರಿಗಳ ಸಂಖ್ಯೆ ಹತ್ತು ಲಕ್ಷ ದಾಟಿತ್ತು.

ಇಟಲಿಯಲ್ಲಿ 2020ರಲ್ಲಿ ಮನೆ ದುರಸ್ತಿಯ ಖರ್ಚಿನ ಶೇ 110ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಡುವ ಯೋಜನೆ ಬಂತು, ಅದರ ಜೊತೆಯಲ್ಲೇ ಬ್ಯಾಟರಿಯೂ ಮನೆ ಸೇರಿತು. ಯೋಜನೆ ಮೊಟಕಾದ ಮೇಲೆ ಮಾರಾಟ ಕುಸಿಯಿತು. ಸ್ವೀಡನ್ 2021ರಿಂದ ಬ್ಯಾಟರಿ ಖರ್ಚಿನ ಅರ್ಧದಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. ಬ್ರಿಟನ್ನಿನಲ್ಲಿ ದೊಡ್ಡ ಬ್ಯಾಟರಿ ಕೇಂದ್ರಗಳೇ ಮುಂದೆ ಬಂದವು: ಗ್ರಿಡ್‌ನ 50 ಹರ್ಟ್ಸ್ ಆವರ್ತನ ಕೆಳಗಿಳಿದಾಗ ಒಂದು ಸೆಕೆಂಡಿನೊಳಗೆ ಆಸರೆ ಕೊಡುವ ಸೇವೆಗೆ 2020ರಿಂದ ಒಳ್ಳೆಯ ದುಡ್ಡು ಸಿಗತೊಡಗಿತು. 2022ರ ನವೆಂಬರ್‌ನಲ್ಲಿ ಹಲ್ ನಗರದ ಹತ್ತಿರ ಪಿಲ್ಸ್‌ವುಡ್‌ನಲ್ಲಿ ಶುರುವಾದ ಕೇಂದ್ರದ್ದು 98 ಮೆಗಾವ್ಯಾಟ್ ಶಕ್ತಿ, 196 ಮೆಗಾವ್ಯಾಟ್-ಗಂಟೆ ಸಂಗ್ರಹ.

ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಮೊದಲನೆಯದು ಒಂದೇ ಹೊತ್ತಿಗೆ ಎಷ್ಟು ಕೊಡಬಲ್ಲದು ಎಂಬುದು, ಎರಡನೆಯದು ಒಟ್ಟು ಎಷ್ಟು ಹಿಡಿದಿಟ್ಟಿದೆ ಎಂಬುದು. ಪಿಲ್ಸ್‌ವುಡ್ ಪೂರ್ತಿ ಶಕ್ತಿಯಲ್ಲಿ ಎರಡು ಗಂಟೆ ನಡೆಯುತ್ತದೆ, ಅಷ್ಟೇ. ಮನೆಯ ಕೊಟೇಶನ್‌ನಲ್ಲಿ "5 ಕಿಲೋವ್ಯಾಟ್ ಬ್ಯಾಟರಿ ಸಿಸ್ಟಂ" ಎಂದು ಬರೆದಿದ್ದರೆ ಅದು ಇನ್ವರ್ಟರಿನ ಶಕ್ತಿಯೋ ಬ್ಯಾಟರಿಯ ಸಂಗ್ರಹವೋ ಎಂದು ಕೇಳಿ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಗಮನಿಸಿ: ಮೇಲೆ ಹೇಳಿದ ಯಾವ ಕಾರಣದಲ್ಲೂ "ಮನೆಯಲ್ಲಿ ಕರೆಂಟು ಹೋಗುತ್ತದೆ" ಎಂಬುದಿಲ್ಲ. ಜರ್ಮನಿಯ ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸರಾಸರಿ ಹನ್ನೆರಡು ಹದಿಮೂರು ನಿಮಿಷ ಮಾತ್ರ ಕರೆಂಟು ತಪ್ಪುತ್ತದೆ. ಹಾಗಾಗಿ ಅಲ್ಲಿನ ಅನೇಕ ಮನೆ ಬ್ಯಾಟರಿಗಳಲ್ಲಿ ಬ್ಯಾಕಪ್ ಸೌಲಭ್ಯವೇ ಇಲ್ಲ. ಲೈನ್ ಹೋದರೆ ಅವೂ ಸುಮ್ಮನಾಗುತ್ತವೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಬಿದ್ದರೆ ಸಾಕು, ಲೈನ್‌ಮ್ಯಾನ್ ಬಂದು ಹುಡುಕಿ ಸರಿಮಾಡುವವರೆಗೆ ಒಂದು ದಿನವೋ ಮೂರು ದಿನವೋ ಕತ್ತಲೆ. ಬಿಲ್ ಉಳಿತಾಯವಾದರೋ ಇಲ್ಲಿ ಬಹಳ ಕಡಿಮೆ. ನೆಟ್ ಮೀಟರ್ ಇದ್ದರೆ ಮಧ್ಯಾಹ್ನ ಲೈನಿಗೆ ಕೊಟ್ಟ ಯೂನಿಟ್ ಸಂಜೆ ಬಳಸಿದ ಯೂನಿಟ್‌ಗೆ ವಜಾ ಆಗುತ್ತದೆ. ವಿದ್ಯುತ್ ಕಂಪನಿ ಸೆಸ್ಕ್‌ನ ಲೈನೇ ಬ್ಯಾಟರಿಯಾದಂತೆ. ಗೃಹಜ್ಯೋತಿಯಲ್ಲಿ ಇನ್ನೂರು ಯೂನಿಟ್ ಒಳಗೇ ಇರುವ ಮನೆಗೆ ಬ್ಯಾಟರಿಯಿಂದ ಉಳಿಯುವ ಹಣ ಸೊನ್ನೆಗೆ ಹತ್ತಿರ. ಆದ್ದರಿಂದ "ಎಷ್ಟು ವರ್ಷದಲ್ಲಿ ದುಡ್ಡು ವಾಪಸ್" ಎಂಬ ಲೆಕ್ಕವನ್ನು ಪಕ್ಕಕ್ಕಿಡಿ. ಕರೆಂಟಿಲ್ಲದ ಎರಡು ದಿನ ಮನೆ ನಡೆಯಬೇಕೇ, ಅದಕ್ಕೆ ಎಷ್ಟು ಖರ್ಚು ಎಂದು ಮಾತ್ರ ಕೇಳಿ.

ಮೊದಲು ಪಟ್ಟಿ

ಬ್ಯಾಟರಿಯ ಗಾತ್ರವನ್ನು ಮನೆಯ ಬಿಲ್ ನೋಡಿ ನಿರ್ಧರಿಸಬೇಡಿ. ಲೈನ್ ಇಲ್ಲದಾಗ ಯಾವುದು ನಡೆಯಲೇಬೇಕೋ ಅದನ್ನಷ್ಟೇ ಬರೆಯಿರಿ. ಮಡಿಕೇರಿ ಕಡೆಯ ಒಂದು ಮನೆಯ ಜುಲೈ ತಿಂಗಳ ಪಟ್ಟಿ ಹೀಗಿರಬಹುದು:

- 9 ವ್ಯಾಟ್‌ನ ಹತ್ತು ಎಲ್‌ಇಡಿ, 5 ಗಂಟೆ: 0.45 ಯೂನಿಟ್
- ಫ್ರಿಜ್, ಇಡೀ ದಿನ: 1.1 ಯೂನಿಟ್
- ವೈಫೈ ರೂಟರ್ 12 ವ್ಯಾಟ್, 24 ಗಂಟೆ: 0.29 ಯೂನಿಟ್
- ಟಿವಿ, 3 ಗಂಟೆ: 0.24 ಯೂನಿಟ್
- ಮೊಬೈಲ್, ಲ್ಯಾಪ್‌ಟಾಪ್: 0.2 ಯೂನಿಟ್
- ಮಿಕ್ಸಿ, ಹತ್ತು ನಿಮಿಷ: 0.13 ಯೂನಿಟ್
- 1 ಎಚ್‌ಪಿ ನೀರಿನ ಪಂಪ್, ಅರ್ಧ ಗಂಟೆ: 0.55 ಯೂನಿಟ್

ಒಟ್ಟು 3 ಯೂನಿಟ್‌ಗೆ ಹತ್ತಿರ. ಇಲ್ಲಿ ಬಹುತೇಕರು ಬಿಟ್ಟುಬಿಡುವ ಒಂದು ಸಾಲಿದೆ: ಇನ್ವರ್ಟರ್ ತಾನೇ ತಿನ್ನುವ ಕರೆಂಟು. 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವಂಥದ್ದು) ಏನೂ ಕೆಲಸವಿಲ್ಲದಿದ್ದರೂ ಸುಮಾರು 50 ವ್ಯಾಟ್ ಎಳೆಯುತ್ತದೆ. 24 ಗಂಟೆಗೆ 1.2 ಯೂನಿಟ್, ಅಂದರೆ ಒಂದು ಫ್ರಿಜ್‌ಗಿಂತ ಜಾಸ್ತಿ. ಅದನ್ನೂ ಸೇರಿಸಿ ದಿನಕ್ಕೆ 4.2 ಯೂನಿಟ್. ದೊಡ್ಡ ಇನ್ವರ್ಟರ್ ಇದ್ದರೆ ಒಳ್ಳೆಯದು ಎಂದು 8 ಅಥವಾ 10 ಕಿಲೋವ್ಯಾಟ್ ಕೊಳ್ಳುವವರು ಇದಕ್ಕೇ ಹೆಚ್ಚಿನ ಬ್ಯಾಟರಿ ಖರ್ಚು ಮಾಡುತ್ತಾರೆ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ತೋಟಕ್ಕೆ ನೀರು ಹಾಯಿಸುವ 7.5 ಎಚ್‌ಪಿ ಮೋಟಾರು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಇವನ್ನು ಬ್ಯಾಟರಿ ಕಡೆಗೆ ತರಲೇಬೇಡಿ. ಇವಕ್ಕೆ ಪ್ರತ್ಯೇಕ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಇರಲಿ. ಮಾತಿನಲ್ಲಿ "ಬಳಸುವುದಿಲ್ಲ" ಎಂದರೆ ಸಾಲದು, ತಂತಿಯಲ್ಲೇ ಬೇರ್ಪಡಿಸಬೇಕು. ಅತಿಥಿಗಳಿರುವ ಹೋಂಸ್ಟೇಯಲ್ಲಿ ಇದು ಇನ್ನೂ ಮುಖ್ಯ. ಬೆಳಗ್ಗೆ ಏಳಕ್ಕೆ ಮೂರು ಕೋಣೆಯ ಗೀಸರ್ ಒಟ್ಟಿಗೆ ಹಾಕಿದರೆ ಇನ್ವರ್ಟರ್ ಆ ಕ್ಷಣವೇ ಟ್ರಿಪ್ ಆಗುತ್ತದೆ.

ಎಷ್ಟು ಬ್ಯಾಟರಿ

ಸೂರ್ಯನೂ ಇಲ್ಲ, ಲೈನೂ ಇಲ್ಲ ಎಂದು ಎರಡು ದಿನ ಇಟ್ಟುಕೊಳ್ಳಿ. 4.2ನ್ನು ಎರಡರಿಂದ ಗುಣಿಸಿದರೆ 8.4 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 90ರಷ್ಟು ಬಳಸಬಹುದು, ಇನ್ವರ್ಟರ್‌ನಲ್ಲಿ ಶೇ 8ರಷ್ಟು ನಷ್ಟ. 8.4ನ್ನು 0.9 ಮತ್ತು 0.92ರಿಂದ ಭಾಗಿಸಿದರೆ 10.1. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 51.2 ವೋಲ್ಟ್, 100 ಆಂಪಿಯರ್-ಗಂಟೆಯ ಒಂದು ಪೆಟ್ಟಿಗೆ 5.12 ಯೂನಿಟ್. ಎರಡು ಪೆಟ್ಟಿಗೆ ಸರಿಹೋಗುತ್ತದೆ.

ಇದನ್ನೇ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿಯಲ್ಲಿ ಮಾಡುವುದಾದರೆ 12 ವೋಲ್ಟ್, 150 ಆಂಪಿಯರ್-ಗಂಟೆಯದ್ದು ಕಾಗದದಲ್ಲಿ 1.8 ಯೂನಿಟ್, ಆಯುಷ್ಯ ಉಳಿಸಿಕೊಂಡು ಬಳಸಲು ಸಿಗುವುದು ಅರ್ಧ. ನಾಲ್ಕರ ಮೂರು ಸಾಲು, ಹನ್ನೆರಡು ಬ್ಯಾಟರಿ ಬೇಕು. ಹನ್ನೆರಡಕ್ಕೆ ನೀರು ಹಾಕುವುದು, ಆಸಿಡ್ ಹಬೆಗೆ ಗಾಳಿಯಾಡುವ ಕೋಣೆ, ಸಾಲುಗಳ ನಡುವೆ ಅಸಮ ಚಾರ್ಜಿಂಗ್, ಇಷ್ಟೆಲ್ಲ ನೋಡಿದರೆ ಎರಡು ದಿನದ ಸಂಗ್ರಹಕ್ಕೆ ಲಿಥಿಯಮ್ಮೇ ಸರಿ. 2013ರ ಸುಮಾರಿಗೆ ಜರ್ಮನಿಯ ಮನೆಗಳಲ್ಲೂ ಲೆಡ್ ಆಸಿಡ್ ಬ್ಯಾಟರಿಗಳು ಸಾಕಷ್ಟಿದ್ದವು. ಕೆಲವೇ ವರ್ಷದಲ್ಲಿ ಲಿಥಿಯಂ ಅವನ್ನು ಹಿಂದೆ ಹಾಕಿತು. ಕುಶಾಲನಗರದಂಥ ಊರಿನಲ್ಲಿ ಎರಡು ಮೂರು ಗಂಟೆಯ ಕಡಿತ ಮಾತ್ರ ಸಮಸ್ಯೆಯಾಗಿದ್ದರೆ ಒಂದೋ ಎರಡೋ ಟ್ಯೂಬುಲರ್ ಸಾಕು, ಲಿಥಿಯಮ್ಮಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಈಗ ಸೈಕಲ್ ವಿಷಯ. ದಿನಕ್ಕೊಂದು ಸಲ ತುಂಬಿ ಖಾಲಿಯಾಗುವ ಜರ್ಮನ್ ಮನೆಗೆ ಆರು ಸಾವಿರ ಸೈಕಲ್ ಎಂದರೆ ಹದಿನಾರು ವರ್ಷ, ಹಾಗಾಗಿ ಆ ಸಂಖ್ಯೆ ಅವರಿಗೆ ಮುಖ್ಯ. ಕಡಿತಕ್ಕಾಗಿ ಮಾತ್ರ ಬಳಸುವ ಕೊಡಗಿನ ಮನೆಯಲ್ಲಿ ವರ್ಷಕ್ಕೆ ನೂರು ಸೈಕಲ್ ಆದರೆ ಹೆಚ್ಚು. ಸೈಕಲ್ ಮುಗಿಯುವ ಮೊದಲೇ ವಯಸ್ಸಾಗಿ ಬ್ಯಾಟರಿ ಸೊರಗುತ್ತದೆ. ಎಂಟು ಸಾವಿರ ಸೈಕಲ್‌ನದ್ದೆಂದು ಹೆಚ್ಚು ಬೆಲೆ ಕೊಡುವುದು ಇಲ್ಲಿ ವ್ಯರ್ಥ. ಆ ಹಣವನ್ನು ವರ್ಷದ ಲೆಕ್ಕದಲ್ಲಿ ಇರುವ ವಾರಂಟಿಗೆ, ಮೈಸೂರಿನಲ್ಲೋ ಕೊಡಗಿನಲ್ಲೋ ಸರ್ವೀಸ್ ಇರುವ ಕಂಪನಿಗೆ ಕೊಡಿ. ವಾರಂಟಿ ಕಾಗದದಲ್ಲಿ ಹತ್ತನೇ ವರ್ಷಕ್ಕೆ ಶೇಕಡಾ ಎಷ್ಟು ಸಾಮರ್ಥ್ಯ ಉಳಿದಿರುತ್ತದೆ ಎಂದು ಬರೆದಿದೆಯೇ ನೋಡಿ. ಆ ಅಂಕಿಯಿಲ್ಲದ ವಾರಂಟಿಯಲ್ಲಿ, ಬ್ಯಾಟರಿ ಅರ್ಧಕ್ಕಿಳಿದರೂ "ನಡೆಯುತ್ತಿದೆಯಲ್ಲ" ಎಂಬ ಉತ್ತರ ಬರುತ್ತದೆ.

ಸೋಲಾರ್ ಎಷ್ಟು ಕೊಡುತ್ತದೆ

550 ವ್ಯಾಟ್‌ನ ಆರು ಫಲಕ, 3.3 ಕಿಲೋವ್ಯಾಟ್. ಜಾಗ ಸುಮಾರು 170 ಚದರಡಿ, ತೊಳೆಯಲು ಓಡಾಡುವ ಜಾಗ ಬೇರೆ. ಫೆಬ್ರವರಿಯ ಬಿಸಿಲಿನಲ್ಲಿ ದಿನಕ್ಕೆ 12, 13 ಯೂನಿಟ್ ಬರುತ್ತದೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಮೋಡ ಕವಿದು ಮಳೆ ಬಿಡದೆ ಹಿಡಿದ ದಿನ ಒಂದೂವರೆ ಎರಡು ಯೂನಿಟ್ ಬಂದರೆ ಪುಣ್ಯ. 4.2 ಬೇಕಾದಲ್ಲಿ 2 ಬಂದರೆ ದಿನಕ್ಕೆ ಎರಡೂಕಾಲರಷ್ಟು ಕೊರತೆ. ತುಂಬಿದ ಎರಡು ಪೆಟ್ಟಿಗೆಯಿಂದ ಮೂರೂವರೆ ದಿನ ದೂಡಬಹುದು. ಅದರಾಚೆಗೆ ಜನರೇಟರ್ ಬೇಕೇ ಬೇಕು. ಭಾಗಮಂಡಲ, ತಲಕಾವೇರಿ ಕಡೆಯ ಮನೆಗಳಿಗೆ "ಫಲಕ ಜಾಸ್ತಿ ಹಾಕಿದರೆ ಸಾಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲದ ಬಿಸಿಲನ್ನು ಎಷ್ಟು ಫಲಕವೂ ಹಿಡಿಯುವುದಿಲ್ಲ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಮನೆ ಸೋಲಾರ್‌ಗೆ 78,000 ರೂಪಾಯಿ ಸಹಾಯಧನವಿದೆ. ಬ್ಯಾಟರಿಗೆ ಅದರಲ್ಲಿ ಏನೂ ಇಲ್ಲ. ಯೋಜನೆಯಡಿ ಹಾಕುವ ಸಾಮಾನ್ಯ ಆನ್-ಗ್ರಿಡ್ ಇನ್ವರ್ಟರ್ ಲೈನ್ ಹೋದ ಕೂಡಲೇ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟು ಹೊಡೆಯಬಾರದೆಂದು ಮಾಡಿರುವ ಕಡ್ಡಾಯ ರಕ್ಷಣೆ ಅದು. ಆಮೇಲೆ ಬ್ಯಾಟರಿ ಸೇರಿಸುವ ಆಲೋಚನೆಯಿದ್ದರೆ ಮೊದಲೇ ಹೈಬ್ರಿಡ್ ಇನ್ವರ್ಟರ್ ಕೇಳಿ, ಇಲ್ಲದಿದ್ದರೆ ಎರಡು ಸಲ ಕೊಳ್ಳಬೇಕಾಗುತ್ತದೆ.

ಫಲಕಗಳನ್ನು ದಕ್ಷಿಣಕ್ಕೆ 12ರಿಂದ 15 ಡಿಗ್ರಿ ಓರೆಯಾಗಿಡಿ. ಹತ್ತಕ್ಕಿಂತ ಕಡಿಮೆಯಿದ್ದರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಆ ಒಂದು ಗೆರೆ ನೆರಳೇ ಇಡೀ ಸಾಲಿನ ಉತ್ಪಾದನೆ ಇಳಿಸುತ್ತದೆ. ಮಂಗಳೂರು ಹೆಂಚಿನ ಹಳೆಯ ಮಾಡಿನ ರೀಪು, ಪಕ್ಕಾಸಿಗೆ ಫಲಕ ಬಿಗಿಯಬೇಡಿ. ಗೋಡೌನಿನ ಶೀಟಿನ ಮೇಲೆ ಅಥವಾ ಗೋಡೆಯಿಂದಲೇ ಎದ್ದ ಕಬ್ಬಿಣದ ಚೌಕಟ್ಟಿನ ಮೇಲೆ ಇಡಿ. ಕಾಫಿ ಕಣದ ಮೇಲೆ ನೆರಳು ಬೀಳುವ ಜಾಗವೂ ಬೇಡ. ಮರಗಸಿ ಮಾಡುವಾಗಲೇ ಫಲಕದ ಪೂರ್ವ, ಪಶ್ಚಿಮದ ಕೊಂಬೆಗಳನ್ನೂ ಸರ್ವೀಸ್ ತಂತಿಯ ಮೇಲಿನ ಕೊಂಬೆಗಳನ್ನೂ ತೆಗೆಸಿ.

ಜೋಡಿಸುವಾಗ

ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ಕೇಬಲ್ ಮೇಲೆ ಜಿಪುಣತನ ಬೇಡ. 5 ಕಿಲೋವ್ಯಾಟ್ ಲೋಡಿಗೆ 48 ವೋಲ್ಟ್ ಕಡೆಯಲ್ಲಿ ನೂರಹತ್ತು ಆಂಪಿಯರ್‌ಗಿಂತ ಹೆಚ್ಚು ಹರಿಯುತ್ತದೆ. 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಉದ್ದ 2 ಮೀಟರ್ ಒಳಗೆ, ಬ್ಯಾಟರಿಯ ಬಾಯಲ್ಲೇ 160 ಆಂಪಿಯರಿನ ಡಿಸಿ ಫ್ಯೂಸ್. ಎಸಿ ಎಂಸಿಬಿಯನ್ನು ಡಿಸಿ ಕಡೆ ಹಾಕುವುದು ಬೆಂಕಿಗೆ ದಾರಿ, ಏಕೆಂದರೆ ಡಿಸಿ ಕಿಡಿ ತಾನಾಗಿ ಆರುವುದಿಲ್ಲ. ಕೇಬಲ್ ತುದಿಯ ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಿ, ಸುತ್ತಿಗೆಯಿಂದ ಬಡಿದದ್ದು ಒಪ್ಪಬೇಡಿ. ಎರಡು ಪೆಟ್ಟಿಗೆ ಸಮಾನಾಂತರವಾಗಿದ್ದರೆ ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ. ಎರಡನ್ನೂ ಒಂದೇ ಪೆಟ್ಟಿಗೆಯಿಂದ ತೆಗೆದರೆ ಅದೇ ಹೆಚ್ಚು ದುಡಿದು ಬೇಗ ಮುದಿಯಾಗುತ್ತದೆ. ಜೋಡಿಸುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ.

ಒಂದೇ ಪೆಟ್ಟಿಗೆಯಿಂದ ಶುರುಮಾಡುವವರಿಗೆ ಒಂದು ಎಚ್ಚರಿಕೆ. ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಸಾಮಾನ್ಯವಾಗಿ 100 ಆಂಪಿಯರ್‌ಗೆ ಕಡಿದುಬಿಡುತ್ತದೆ. ಫ್ರಿಜ್ ನಡೆಯುತ್ತಿರುವಾಗ 1 ಎಚ್‌ಪಿ ಪಂಪ್ ಶುರುವಾದರೆ, ಆ ಕ್ಷಣದ ಎಳೆತ ನಡೆಯುವ ಕರೆಂಟಿನ ನಾಲ್ಕೈದು ಪಟ್ಟು. ಮನೆಯಿಡೀ ಕತ್ತಲೆಯಾಗಿ "ಬ್ಯಾಟರಿ ಕೆಟ್ಟಿತು" ಎಂದು ದೂರು ಹೋಗುತ್ತದೆ. ಕೆಟ್ಟಿರುವುದಿಲ್ಲ, ಪಂಪಿಗೆ ಸಾಫ್ಟ್ ಸ್ಟಾರ್ಟರ್ ಹಾಕಿದರೆ ಸರಿಹೋಗುತ್ತದೆ.

ಜಾಗ ಆರಿಸುವಾಗ ಹಂಡೆ ಒಲೆಯ ಹೊಗೆ ತಾಗುವ ಗೋಡೆ, ಮಳೆಗಾಲದಲ್ಲಿ ಬೆವರುವ ಹೊರಗೋಡೆ ಎರಡನ್ನೂ ಬಿಡಿ. ನೆಲದಿಂದ ಒಂದಡಿ ಎತ್ತರ. ಕೇಬಲ್‌ಗಳು ಪೆಟ್ಟಿಗೆಗೆ ಕೆಳಗಿನಿಂದ ಒಳಹೋಗಲಿ, ಹೋಗುವ ಮುನ್ನ ಒಂದು ಇಳಿಬಾಗು ಕೊಟ್ಟರೆ ತಂತಿಗುಂಟ ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಉಳಿದ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ. ಇನ್ವರ್ಟರಿನ ಬೆಚ್ಚಗಿನ ಒಡಲಿಗೆ ಇರುವೆ, ಹಲ್ಲಿ ಹೋಗಿ ಬೋರ್ಡ್ ಸುಡುವುದು ಇಲ್ಲಿ ತೀರಾ ಸಾಮಾನ್ಯ.

ಮಾರ್ಚಿನಿಂದ ಮೇವರೆಗಿನ ಗುಡುಗು ಮಳೆಗೆ ಡಿಸಿ ಮತ್ತು ಎಸಿ ಎರಡೂ ಕಡೆ ಟೈಪ್ 2 ಸರ್ಜ್ ರಕ್ಷಕ ಬೇಕು. ಅರ್ತಿಂಗ್ 5 ಓಮ್‌ಗಿಂತ ಕಡಿಮೆ ಇರಲಿ, ಅದನ್ನು ಮಾರ್ಚಿನಲ್ಲಿ ಅಳೆಸಿ. ಜುಲೈಯ ಒದ್ದೆ ನೆಲದಲ್ಲಿ ಯಾವ ಅರ್ತಿಂಗೂ ಪಾಸಾಗುತ್ತದೆ; ಸಿಡಿಲು ಬರುವುದು ಕೆಂಪು ಮಣ್ಣು ಒಣಗಿ ಬಿರಿದ ದಿನಗಳಲ್ಲಿ.

ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಪರೀಕ್ಷೆಯನ್ನು ಲೈನ್ ಇರುವಾಗ ಒಮ್ಮೆ, ಮೈನ್ ಸ್ವಿಚ್ ಆರಿಸಿ ಬ್ಯಾಟರಿಯಲ್ಲಿ ನಡೆಯುವಾಗ ಇನ್ನೊಮ್ಮೆ ಮಾಡಿಸಿ. ಗುಂಡಿ ಒತ್ತಿ ನೋಡಿದರೆ ಸಾಲದು. ಎಲೆಕ್ಟ್ರಿಷಿಯನ್ ಸಾಕೆಟ್‌ನಲ್ಲಿ ಆರ್‌ಸಿಸಿಬಿ ಟೆಸ್ಟರ್ ಚುಚ್ಚಿ, 30 ಮಿಲಿ ಆಂಪಿಯರ್ ಸೋರಿಕೆಗೆ ಅದು ಬೀಳುತ್ತದೆಯೇ ನೋಡಬೇಕು. ಬ್ಯಾಟರಿ ಸ್ಥಿತಿಯಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಸೇರದಿದ್ದರೆ ಒದ್ದೆ ಕೈಗೆ ಶಾಕ್ ಹೊಡೆದರೂ ಅದು ಬೀಳುವುದಿಲ್ಲ.

ಸೆಟ್ಟಿಂಗ್

ಇನ್ವರ್ಟರ್ ಹಾಕಿದವರು ಹೋಗುವ ಮುನ್ನ ಇವನ್ನು ಪರದೆಯ ಮೇಲೆ ತೋರಿಸಲು ಹೇಳಿ. ಹದಿನಾರು ಸೆಲ್‌ನ ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್ ವೋಲ್ಟೇಜ್ 55.2ರಿಂದ 56, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 54, ಬ್ಯಾಟರಿ ಬಳಕೆ ನಿಲ್ಲಿಸುವ ಕಟ್-ಆಫ್ 48 ವೋಲ್ಟ್. ನಿಮ್ಮ ಕಂಪನಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಈಕ್ವಲೈಸೇಶನ್ ಆಫ್ ಆಗಿರಬೇಕು, ಅದು ಲೆಡ್ ಆಸಿಡ್‌ಗೆ ಮಾತ್ರ. ಬಿಎಂಎಸ್ ಮತ್ತು ಇನ್ವರ್ಟರ್ ಮಾತಾಡುವ ಕೇಬಲ್ ಜೋಡಿಸಿ ಪ್ರೊಟೊಕಾಲ್ ಹೊಂದಿಸಿದ್ದಾರೆಯೇ ನೋಡಿ.

ತೋಟದ ತುದಿಯ ಮನೆಗಳಲ್ಲಿ ಒಂದು ಕಳ್ಳ ದೋಷವಿದೆ. ಉದ್ದದ ಲೈನಿನ ಕೊನೆಯಲ್ಲಿ ಸಂಜೆ ವೋಲ್ಟೇಜ್ 160ಕ್ಕೆ ಇಳಿಯುತ್ತದೆ. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ 170ಕ್ಕಿಂತ ಕೆಳಗಿನದ್ದನ್ನು ಒಪ್ಪದೆ ಸದ್ದಿಲ್ಲದೆ ಬ್ಯಾಟರಿಗೆ ಹೋಗುತ್ತದೆ. ಕರೆಂಟು ಇದೆ ಎಂದೇ ಮನೆಯವರು ತಿಳಿದಿರುತ್ತಾರೆ. ರಾತ್ರಿ ನಿಜವಾಗಿ ಲೈನ್ ಹೋದಾಗ ಬ್ಯಾಟರಿ ಬರಿದಾಗಿರುತ್ತದೆ. ಅಪ್ಲಯನ್ಸ್ ಮೋಡಿನಲ್ಲಿ 90 ವೋಲ್ಟ್‌ವರೆಗೂ ಒಪ್ಪುತ್ತದೆ, ಆದರೆ ಆ ಕಡಿಮೆ ವೋಲ್ಟೇಜ್ ಹಾಗೇ ಫ್ರಿಜ್‌ಗೂ ಹೋಗುತ್ತದೆ. ಲೈನಿಗೂ ಇನ್ವರ್ಟರಿಗೂ ನಡುವೆ ಸ್ಟೆಬಿಲೈಸರ್ ಹಾಕಿ ಯುಪಿಎಸ್ ಮೋಡನ್ನೇ ಇಟ್ಟುಕೊಳ್ಳುವುದು ಉತ್ತಮ.

ವರ್ಷಕ್ಕೆ ಎರಡು ಸಲ ಸೆಟ್ಟಿಂಗ್ ಬದಲಾಯಿಸಿ. ಮೇ ಕೊನೆಗೆ: ಲೈನಿನಿಂದ ಚಾರ್ಜಿಂಗ್ ಆನ್, ಕಡಿತಕ್ಕೆಂದು ಬ್ಯಾಟರಿಯಲ್ಲಿ ಉಳಿಸಿಡುವ ಮೀಸಲು ಶೇ 90ಕ್ಕಿಂತ ಮೇಲೆ. ಲೈನ್ ಬಂದ ಒಂದು ಗಂಟೆಯನ್ನೂ ಬಿಡದೆ ಬ್ಯಾಟರಿ ತುಂಬಿಸಿಕೊಳ್ಳಬೇಕು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಹಿಂದೆ ಸರಿದ ಮೇಲೆ: ಲೈನ್ ಚಾರ್ಜಿಂಗ್ ಆಫ್, ಸೋಲಾರ್ ಮೊದಲು, ಮೀಸಲು ಶೇ 40. ಬೇಸಿಗೆಯ ತಿಂಗಳುಗಟ್ಟಲೆ ಶೇ 100ರಲ್ಲೇ ನಿಲ್ಲಿಸಿದರೆ ಸೆಲ್‌ಗಳು ಬೇಗ ಮುದಿಯಾಗುತ್ತವೆ. ದಿನವೂ ಸ್ವಲ್ಪ ಬಳಸಿದರೆ ಆ ತೊಂದರೆಯಿಲ್ಲ.

ಮಳೆಗಾಲದಲ್ಲಿ ಶೇ 30 ತೋರಿಸುತ್ತಿದ್ದಾಗಲೇ ಬ್ಯಾಟರಿ ದಿಢೀರೆಂದು ನಿಂತರೆ ಗಾಬರಿ ಬೇಡ. ಈ ಬಗೆಯ ಲಿಥಿಯಮ್ಮಿನ ವೋಲ್ಟೇಜ್ ಮಧ್ಯದಲ್ಲಿ ಬಹುಪಾಲು ಸಮತಟ್ಟಾಗಿರುವುದರಿಂದ ಬಿಎಂಎಸ್ ಕರೆಂಟು ಒಳಹೋದದ್ದು, ಹೊರಬಂದದ್ದು ಎಣಿಸಿ ಶೇಕಡಾ ತೋರಿಸುತ್ತದೆ. ವಾರಗಟ್ಟಲೆ ಪೂರ್ತಿ ತುಂಬದಿದ್ದರೆ ಎಣಿಕೆ ತಪ್ಪುತ್ತದೆ, ಸೆಲ್‌ಗಳ ಸಮತೋಲವೂ ಹೋಗುತ್ತದೆ. ಎರಡು ವಾರಕ್ಕೊಮ್ಮೆಯಾದರೂ ಶೇ 100 ಮುಟ್ಟಿಸಿ ಒಂದೆರಡು ಗಂಟೆ ಹಾಗೇ ಬಿಡಿ.

ಜನರೇಟರ್ ಇದ್ದವರು ಅದನ್ನು ರಾತ್ರಿಯಿಡೀ ಓಡಿಸುವ ರೂಢಿ ಬಿಡಬೇಕು. ನಾಲ್ಕು ಬಲ್ಬಿಗೆ ಓಡುವ ಜನರೇಟರ್ ಡೀಸೆಲ್ ಕುಡಿದು ಮಸಿ ಕಟ್ಟಿಕೊಳ್ಳುತ್ತದೆ. 5 ಕೆವಿಎ ಜನರೇಟರನ್ನು ಇನ್ವರ್ಟರಿನ ಜೆನ್ ಇನ್‌ಪುಟ್‌ಗೆ ಕೊಟ್ಟು, ಎಸಿ ಚಾರ್ಜಿಂಗ್ ಕರೆಂಟನ್ನು 40 ಆಂಪಿಯರ್‌ಗೆ ನಿಲ್ಲಿಸಿ, ಸಂಜೆ ಎರಡು ಗಂಟೆ ಓಡಿಸಿದರೆ ಸುಮಾರು 2 ಲೀಟರ್ ಡೀಸೆಲ್‌ನಲ್ಲಿ ಮಾರನೆಯ ದಿನಕ್ಕೆ ಸಾಕಾಗುವಷ್ಟು ಬ್ಯಾಟರಿ ಸೇರುತ್ತದೆ. ಇನ್ವರ್ಟರ್ ಜನರೇಟರನ್ನು ಒಪ್ಪದೆ ಮತ್ತೆ ಮತ್ತೆ ಬಿಟ್ಟುಬಿಡುತ್ತಿದ್ದರೆ ಜನರೇಟರಿನ ಆವರ್ತನ ಅಳೆಸಿ. ಲೋಡ್ ಇಲ್ಲದಾಗ 52 ಹರ್ಟ್ಸ್ ಇದ್ದು, ಲೋಡ್ ಬಿದ್ದಾಗ 50ಕ್ಕೆ ಬರುವಂತೆ ಗವರ್ನರ್ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ.

ಕೊನೆಯ ಕಂತಿನ ಹಣವನ್ನು ಪರೀಕ್ಷೆಯ ನಂತರವೇ ಕೊಡಿ. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಸಂಜೆ ಆರಕ್ಕೆ ಮೈನ್ ಸ್ವಿಚ್ ಆರಿಸಿ, ಸೋಲಾರ್‌ನ ಡಿಸಿ ಐಸೊಲೇಟರನ್ನೂ ಆರಿಸಿ. ಪಟ್ಟಿಯಲ್ಲಿದ್ದದ್ದನ್ನೆಲ್ಲ ಎಂದಿನಂತೆ ಬಳಸಿ, ಪಂಪನ್ನೂ ಒಮ್ಮೆ ಹಾಕಿ. ಮರುದಿನ ಸಂಜೆ ಆರಕ್ಕೆ ಬ್ಯಾಟರಿ ಶೇ 50ರ ಸುತ್ತಮುತ್ತ ಇರಬೇಕು. 35ಕ್ಕಿಂತ ಕೆಳಗಿದ್ದರೆ ಪಟ್ಟಿಗೆ ಸೇರದ ಯಾವುದೋ ಲೋಡ್ ಆ ಡಿಬಿಯಲ್ಲಿದೆ, ಅಥವಾ ಒಂದು ಪೆಟ್ಟಿಗೆ ದುಡಿಯುತ್ತಿಲ್ಲ. ಕ್ಲಾಂಪ್ ಮೀಟರನ್ನು ಎರಡೂ ಪೆಟ್ಟಿಗೆಯ ಕೇಬಲ್‌ಗೆ ಹಿಡಿದು ಕರೆಂಟು ಸಮನಾಗಿದೆಯೇ ನೋಡಿಸಿ.